ಆಮ್‌ಸ್ಟರ್‌ಡ್ಯಾಂ–ಹೀಥ್ರೂ ವಿಮಾನ: ಅಪ್ಪನ ಎಚ್‌ಎಂಟಿ ವಾಚಿನ ಪ್ರಕಾರ

ನಾನಿರೋದು ಆಮ್‌ಸ್ಟರ್‌ಡ್ಯಾಂ ಪಕ್ಕದ ಆಮ್ಸ್ಟೆಲ್‌ವೇನ್‌ನಲ್ಲಿ. ತಂಗಿ ಲಂಡನ್ನಿನ ಹ್ಯಾರೋದಲ್ಲಿ. ಏಳು ವರ್ಷದಲ್ಲಿ ಅವಳ ಮನೆಗೆ ಹನ್ನೊಂದು ಸಲ ಹೋಗಿ ಬಂದಿದ್ದೀನಿ, ಹತ್ತು ಸಲ ವಿಮಾನದಲ್ಲಿ, ಒಂದು ಸಲ ರೈಲಿನಲ್ಲಿ. ಆದರೂ ಈ ದಾರಿಯ ಬಗ್ಗೆ ನಾಲ್ಕು ಮಾತು ಬರೆಯೋ ಯೋಗ್ಯತೆ ನನಗೆ ಬಂದದ್ದು 2025ರ ಆಗಸ್ಟಿನಲ್ಲಿ, ಅಪ್ಪನನ್ನು ಕರಕೊಂಡು ಹೋದ ಮೇಲೆ.

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅದರಲ್ಲಿ ಹೆಚ್ಚುಪಾಲು ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ ಹತ್ತಿ ಇಳಿದದ್ದೇ ಇಳಿದದ್ದು. ಕೈಯಲ್ಲಿ ಎಚ್‌ಎಂಟಿ ಜನತಾ ವಾಚು. ದಿನಾ ಬೆಳಿಗ್ಗೆ ಕೀ ಕೊಡಬೇಕು, ಕೊಡ್ತಾರೆ. ಜೇಬಿನಲ್ಲಿ ಪುಟ್ಟ ಡೈರಿ. ನೆದರ್‌ಲೆಂಡ್ಸ್‌ಗೆ ಬಂದು ಆರು ವಾರ ಆದರೂ ವಾಚಿನ ಮುಳ್ಳು ತಿರುಗಿಸಲೇ ಇಲ್ಲ. "ಈ ದೇಶಕ್ಕೊಂದು ಟೈಮು, ಆ ದೇಶಕ್ಕೊಂದು ಟೈಮು ಅಂತ ತಿರುಗಿಸ್ತಾ ಕೂತ್ರೆ ಕೀನೇ ಕಳಚಿಕೊಂಡು ಬರುತ್ತೆ ಕಣಮ್ಮ" ಅಂದರು. ನನಗೂ ಅದರಿಂದ ಅನುಕೂಲವೇ ಆಯಿತು. ಲಂಡನ್ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ. ಹಾಗಾಗಿ ಟಿಕೆಟ್ಟಿನಲ್ಲಿ 9:05ಕ್ಕೆ ಹೊರಟು 9:25ಕ್ಕೆ ತಲುಪುತ್ತೆ ಅಂತ ಬರೆದಿರುತ್ತೆ. ನೋಡಿದವರಿಗೆ ಇಪ್ಪತ್ತು ನಿಮಿಷದ ಪ್ರಯಾಣ! ವಾಪಸ್ ಬರುವಾಗ ಅದೇ ದಾರಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಎರಡೂ ಸುಳ್ಳು. ಅಪ್ಪನ ವಾಚು ಇಂಡಿಯಾದಲ್ಲೇ ನಿಂತಿದ್ದರಿಂದ ಲೆಕ್ಕ ಶುದ್ಧವಾಗಿ ಸಿಕ್ಕಿತು. ಈ ಕೆಳಗೆ ಹೋಗುವ ದಾರಿಯ ಟೈಮೆಲ್ಲ ಅವರ ಡೈರಿಯದು, ಭಾರತದ ಟೈಮು.

ಮೊದಲು ದೂರ. ಆಮ್‌ಸ್ಟರ್‌ಡ್ಯಾಂನ ವಿಮಾನ ನಿಲ್ದಾಣ ಸ್ಕಿಪೋಲ್‌ನಿಂದ ಲಂಡನ್ನಿನ ಹೀಥ್ರೂಗೆ 370 ಕಿಲೋಮೀಟರು, ಅಂದರೆ ಸುಮಾರು 200 ನಾಟಿಕಲ್ ಮೈಲಿ. ಇದು ಭೂಗೋಳದ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಹಿಡಿದರೆ ಸಿಗೋ ದೂರ. ಬೆಂಗಳೂರಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದರೆ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ. ಅದನ್ನು ಹೇಳಿದ ತಕ್ಷಣ ಅಪ್ಪ, "ಸರಿ, ರನ್ನಿಂಗ್ ಟೈಮ್ ಎಷ್ಟು?" ಅಂದರು. ಮೊಬೈಲ್ ಕೇಳಿದರೆ ಒಂದು ಗಂಟೆ ಅನ್ನುತ್ತೆ, ಟಿಕೆಟ್ ಒಂದು ಗಂಟೆ ಇಪ್ಪತ್ತು ನಿಮಿಷ ಅನ್ನುತ್ತೆ. ಡೈರಿಯಲ್ಲಿ ಎರಡನ್ನೂ ಬರೆದು, ಮುಂದೆ ಒಂದು ಗೆರೆ ಎಳೆದು, ಜಾಗ ಬಿಟ್ಟುಕೊಂಡರು.

ಮನೆ ಬಿಟ್ಟದ್ದು 9:50. ಬಸ್‌ಸ್ಟ್ಯಾಂಡಿನಿಂದ ಸ್ಕಿಪೋಲ್‌ಗೆ ಇಪ್ಪತ್ತು ನಿಮಿಷದ ಬಸ್ಸು. ಇಲ್ಲಿ ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಕಾರ್ಡು ತಾಗಿಸಬೇಕು. ನೀವು ಎಷ್ಟು ದೂರ ಬಂದಿರಿ ಅಂತ ಅದೇ ಲೆಕ್ಕ ಹಾಕಿ ದುಡ್ಡು ಹಿಡಿದುಕೊಳ್ಳುತ್ತೆ. ಅಪ್ಪನಿಗೆ ಇದು ಬಂದ ದಿನದಿಂದ ತಲೆನೋವು. ಇಳಿಯುವಾಗ ತಾಗಿಸೋದು ಮರೆತರೆ ಏನು, ಸ್ಟೇಜ್ ದಾಟಿ ಹೋದವನನ್ನ ಕೇಳೋರು ಯಾರು, ಚಿಲ್ಲರೆ ಇಲ್ಲದಿದ್ದರೆ ಏನು. ಚಿಲ್ಲರೆಯೇ ಇಲ್ಲ ಅಪ್ಪ ಅಂದೆ. "ಅದೊಂದು ಒಳ್ಳೇದು" ಅಂದರು.

ಸ್ಕಿಪೋಲ್ 10:25. ಬಾಗಿಲ ಮುಂದೆ ಇಳಿದಾಗ ಒಂದು ವಿಷಯ ಹೇಳಿದೆ: ನಾವೀಗ ನಿಂತಿರೋದು ಸಮುದ್ರ ಮಟ್ಟಕ್ಕಿಂತ ಮೂರು ಮೀಟರ್‌ಗೂ ಕೆಳಗೆ. ಇದೆಲ್ಲ ಒಂದು ಕಾಲಕ್ಕೆ ದೊಡ್ಡ ಕೆರೆ. ಹಬೆ ಯಂತ್ರದ ಪಂಪುಗಳಿಂದ ವರ್ಷಗಟ್ಟಲೆ ನೀರು ಎತ್ತಿ ಹಾಕಿ 1852ರಲ್ಲಿ ಒಣಗಿಸಿದರು. ಅಪ್ಪ ಕಾಲಡಿಯ ನೆಲವನ್ನೊಮ್ಮೆ ಚಪ್ಪಲಿಯಲ್ಲಿ ಒತ್ತಿ ನೋಡಿದರು.

ಈ ನಿಲ್ದಾಣದಲ್ಲಿ ನನಗಿಷ್ಟವಾದದ್ದು ಎಲ್ಲ ಒಂದೇ ಸೂರಿನಡಿ ಇರೋದು. ಕೆಳಗೆ ರೈಲು, ಮೇಲೆ ವಿಮಾನ, ಟರ್ಮಿನಲ್ ಬದಲಾಯಿಸೋ ಗೋಜಿಲ್ಲ. ಸೆಕ್ಯುರಿಟಿ ಬೇಗ ಆಯಿತು. ಆದರೆ ಬ್ರಿಟನ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿಲ್ಲ, ಆದ್ದರಿಂದ ಪಾಸ್‌ಪೋರ್ಟ್ ಸಾಲು ಎರಡು ಸಲ: ಇಲ್ಲಿ ಹೊರಡುವಾಗ, ಅಲ್ಲಿ ಇಳಿದಾಗ. ನಮ್ಮ ಪಾಸ್‌ಪೋರ್ಟ್ ಇರೋರಿಗೆ ಒಂದು ಮಾತು. ನನಗೆ ಇಲ್ಲಿನ ರೆಸಿಡೆನ್ಸ್ ಕಾರ್ಡ್ ಇದೆ, ಬ್ರಿಟನ್ ವೀಸಾ ಒಂದು ಮಾಡಿಸಿದರೆ ಸಾಕು. ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದರೆ ಅವರಿಗೆ ಬ್ರಿಟನ್ ವೀಸಾ ಜತೆಗೆ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿಯದೇ ಇರಬೇಕು. ಸಿಂಗಲ್ ಎಂಟ್ರಿಯಲ್ಲಿ ಲಂಡನ್ನಿಗೆ ಹೋದರೆ ಅಲ್ಲಿಂದ ವಾಪಸ್ ಇಲ್ಲಿಗೆ ಬರೋ ಹಾಗಿಲ್ಲ. ದೂರ, ಟೈಮು ಎಲ್ಲ ಆಮೇಲೆ. ಮೊದಲು ಇದನ್ನು ನೋಡಿಕೊಳ್ಳಿ.

ಇನ್ನೊಂದು, ತಿಂಡಿ. ತಂಗಿ ಗೌಡಾ ಚೀಸ್ ತಾ ಅಂತ ಪ್ರತಿ ಸಲ ಕೇಳ್ತಾಳೆ. 2025ರ ಏಪ್ರಿಲ್‌ನಿಂದ ಯುರೋಪಿನಿಂದ ಬ್ರಿಟನ್ನಿಗೆ ಹೋಗೋರು ಹಾಲಿನ ಪದಾರ್ಥ, ಮಾಂಸ ಒಯ್ಯೋ ಹಾಗಿಲ್ಲ. ಚೀಸ್ ಹೋಯ್ತು, ತುಪ್ಪವೂ ಹೋಯ್ತು. "ಅಯ್ಯೋ ಅಕ್ಕಾ, ತುಪ್ಪಾನೂ ಇಲ್ವಾ?" ಅಂತ ಫೋನಿನಲ್ಲೇ ಮುಖ ಸಣ್ಣ ಮಾಡಿದಳು. ಸ್ಟ್ರೋಪ್‌ವಾಫಲ್ ಅನ್ನೋ ಡಚ್ಚರ ಸಿಹಿ ಬಿಸ್ಕತ್ತು ಮತ್ತು ಅಪ್ಪ ಊರಿಂದ ತಂದ ಚಕ್ಕುಲಿ ಹೊತ್ತುಕೊಂಡು ಹೋದೆವು.

ಗೇಟಿನ ಹತ್ತಿರ ಕೂತದ್ದು 11:20ಕ್ಕೆ. ವಿಮಾನ 12:35ಕ್ಕೆ, ಅಂದರೆ ಟಿಕೆಟ್ಟಿನ 9:05. ಅಷ್ಟು ಹೊತ್ತು ಅಪ್ಪನಿಗೆ ಈ ದಾರಿಯ ಹಳೇ ಕತೆ ಹೇಳಿದೆ. ಡಚ್ ವಿಮಾನ ಕಂಪನಿ ಕೆಎಲ್‌ಎಂನ ಮೊಟ್ಟಮೊದಲ ವಿಮಾನ ಹಾರಿದ್ದು ಇದೇ ಎರಡು ಊರಿನ ನಡುವೆ, 1920ರ ಮೇ 17ರಂದು. ಆಗ ಹೀಥ್ರೂ ಇರಲಿಲ್ಲ, ಲಂಡನ್ನಿನ ಕ್ರಾಯ್ಡನ್‌ನಿಂದ ಸ್ಕಿಪೋಲ್‌ಗೆ. ಬಾಡಿಗೆಗೆ ತಂದ ಪುಟ್ಟ ವಿಮಾನ, ಜೆರ್ರಿ ಷಾ ಅನ್ನೋ ಪೈಲಟ್, ಇಬ್ಬರು ಪತ್ರಕರ್ತರು, ಒಂದು ಕಟ್ಟು ನ್ಯೂಸ್‌ಪೇಪರ್.

"ಇಬ್ಬರೇ ಪ್ಯಾಸೆಂಜರಾ?"

"ಇಬ್ಬರೇ."

"ಡೀಸೆಲ್ ದುಡ್ಡೂ ಹುಟ್ಟಿರಲ್ಲ" ಅಂತ ತಲೆಯಾಡಿಸಿದರು.

ಈಗ ನಮ್ಮ ವಿಮಾನ. ಯಾವ ಕಂಪನಿ ಅಂತ ಹೇಳೋದಿಲ್ಲ. ಬೈಯೋದೂ ಇದೆ, ಹೊಗಳೋದೂ ಇದೆ. ಇಬ್ಬರಿಗೂ ಸೇರಿ ಹೋಗಿಬರೋಕೆ 312 ಯೂರೋ ಬಿತ್ತು. ಅದರಲ್ಲಿ ತಲೆಗೆ 29 ಯೂರೋ 40 ಸೆಂಟು ಡಚ್ ಸರ್ಕಾರದ ವಿಮಾನ ತೆರಿಗೆ. 2025ರಲ್ಲಿ ನೀವು ಇಲ್ಲಿಂದ ಲಂಡನ್ನಿಗೆ ಹೊರಟರೂ ಅಷ್ಟೇ, ಬೆಂಗಳೂರಿಗೆ ಹೊರಟರೂ ಅಷ್ಟೇ. ಕಿಲೋಮೀಟರಿಗೆ ತಕ್ಕ ಚಾರ್ಜು ಅನ್ನೋ ಸ್ಟೇಜ್ ಲೆಕ್ಕದಲ್ಲಿ ಬೆಳೆದ ಅಪ್ಪನಿಗೆ ಇದು ಒಪ್ಪಿಗೆಯೇ ಆಗಲಿಲ್ಲ.

ಬೈಯೋದು ಏನೆಂದರೆ, ಕೈಚೀಲ. ಅಳತೆ ಸರಿಯಾಗೇ ಇದ್ದ ಬ್ಯಾಗನ್ನು ಗೇಟಿನಲ್ಲಿ "ಒಳಗೆ ಜಾಗ ಇಲ್ಲ" ಅಂತ ಕಿತ್ತುಕೊಂಡು ಕೆಳಗೆ ಹಾಕಿದರು. ದುಡ್ಡು ಕೇಳಲಿಲ್ಲ, ಸರಿ. ಆದರೆ ಒಳಗೆ ಹೋಗಿ ನೋಡಿದರೆ ನಮ್ಮ ತಲೆ ಮೇಲಿನ ಗೂಡಿನಲ್ಲಿ ಎರಡು ಬ್ಯಾಗಿಗಾಗುವಷ್ಟು ಜಾಗ ಹಾಗೇ ಖಾಲಿ. ಅಪ್ಪ ಎದ್ದು ನಿಂತು ಮುಂದಿನಿಂದ ಹಿಂದಿನವರೆಗೆ ಒಂದು ಸಲ ಕಣ್ಣು ಹಾಯಿಸಿದರು. ಸೀಟು ಎಣಿಸೋ ಆ ನೋಟ ನನಗೆ ಚೆನ್ನಾಗಿ ಗೊತ್ತು. "ಹಿಂದೆ ಏಳೆಂಟು ಖಾಲಿ" ಅಂದರು.

12:35 ಆಯಿತು, ಬಾಗಿಲು ಹಾಕಿದೆ, ವಿಮಾನ ಅಲುಗಾಡುತ್ತಿಲ್ಲ. ಸ್ಲಾಟ್ ಸಿಕ್ಕಿಲ್ಲ ಅಂತ ಕ್ಯಾಪ್ಟನ್ ಹೇಳಿದರು. ಲಂಡನ್ನಿನಲ್ಲಿ ಇಳಿಯೋಕೆ ನಮಗೆ ಇಂತಿಷ್ಟು ಹೊತ್ತಿಗೆ ಅಂತ ಜಾಗ ಗೊತ್ತುಮಾಡಿರುತ್ತಾರೆ, ಅದಕ್ಕೆ ಸರಿಯಾಗಿ ಇಲ್ಲಿಂದ ಬಿಡ್ತಾರೆ. ಕದಲಿದ್ದು 1:01ಕ್ಕೆ.

ಕದಲಿದ ಮೇಲೆ ಇನ್ನೊಂದು ಪ್ರಯಾಣ ಶುರು. ಸ್ಕಿಪೋಲ್‌ನಲ್ಲಿ ಆರು ರನ್‌ವೇ. ನಮ್ಮ ಪಾಲಿಗೆ ಬಂದದ್ದು ಪೋಲ್ಡರ್‌ಬಾನ್, 2003ರಲ್ಲಿ ಕಟ್ಟಿದ್ದು, 3,800 ಮೀಟರ್ ಉದ್ದ. ಅದು ಟರ್ಮಿನಲ್ಲಿಂದ ಎಷ್ಟು ದೂರ ಅಂದರೆ, ವಿಮಾನ ಚಕ್ರದ ಮೇಲೆ ಉರುಳಿಕೊಂಡು ಹೋಗಿ, ಒಂದು ಹೈವೇಯನ್ನು ಸೇತುವೆಯ ಮೇಲೆ ದಾಟಿ, ಮತ್ತೂ ಉರುಳುತ್ತೆ. ಕಿಟಕಿಯಲ್ಲಿ ನೋಡಿದರೆ ಕೆಳಗೆ ಲಾರಿಗಳು ಹೋಗ್ತಿವೆ, ಆಚೆ ಹೊಲದಲ್ಲಿ ಆಲೂಗಡ್ಡೆ ಸಾಲು. ಅಪ್ಪ ಹಣೆಯನ್ನು ಗಾಜಿಗೆ ಒತ್ತಿ ನೋಡ್ತಿದ್ದರು. ಹತ್ತು ನಿಮಿಷ ಆಯಿತು. "ರೋಡಲ್ಲೇ ಹೋಗ್ತಾರಾ ಹೇಗೆ ಲಂಡನ್ನಿಗೆ?"

ಇಷ್ಟು ಸಾಲದು ಅಂತ ಈ ರನ್‌ವೇಯಿಂದ ಹಾರೋದು ಯಾವಾಗಲೂ ಉತ್ತರಕ್ಕೆ ಮುಖ ಮಾಡಿ. ಲಂಡನ್ ಇರೋದು ಪಶ್ಚಿಮಕ್ಕೆ. ಮಂಗಳೂರು ಬಸ್ಸು ಹಾಸನ ಸ್ಟ್ಯಾಂಡ್ ಬಿಟ್ಟು ಮೊದಲು ಅರಸೀಕೆರೆ ಕಡೆ ತಿರುಗಿದ ಹಾಗೆ. ಚಕ್ರ ನೆಲ ಬಿಟ್ಟದ್ದು 1:18. ನಿಂತ ಜಾಗದಿಂದ ಹಾರೋವರೆಗೆ ಹದಿನೇಳು ನಿಮಿಷ.

ಆಮೇಲಿನದು ನಿಜವಾಗಿ ಚೆಂದ. ಎಡಕ್ಕೆ ವಾಲಿ ತಿರುಗಿದ ಕೂಡಲೇ ಮರಳ ದಂಡೆ, ಅದರಾಚೆ ಉತ್ತರ ಸಮುದ್ರ, ನೀರಲ್ಲಿ ಗಾಳಿಯಂತ್ರಗಳ ಸಾಲು. ಮೇಲೆ ಹತ್ತೋದು ಮುಗಿದು ನೆಟ್ಟಗಾಗೋ ಹೊತ್ತಿಗೆ ಇಳಿಯೋ ಯೋಚನೆ ಶುರುವಾಗಿರುತ್ತೆ. ಆ ಸಂದಿನಲ್ಲೇ ವಿಮಾನದ ಹುಡುಗಿಯರು ಎಲ್ಲರಿಗೂ ಸ್ಯಾಂಡ್‌ವಿಚ್, ನೀರು, ಕಾಫಿ ಕೊಟ್ಟು, ಕಪ್ಪು ವಾಪಸ್ ತಗೊಂಡು, ಗಾಡಿ ಒಳಗೆ ತಳ್ಳಿ ಮುಗಿಸಿದರು. ಹೊಗಳೋದು ಇದನ್ನೇ. ಅಪ್ಪನೂ ಬೇರೆಯವರ ಕೆಲಸವನ್ನು ಸುಲಭಕ್ಕೆ ಹೊಗಳೋರಲ್ಲ. "ಘಾಟಿ ತಿರುವಲ್ಲಿ ನಿಂತ್ಕೊಂಡು ಟಿಕೆಟ್ ಹರಿದಷ್ಟೇ ಕಷ್ಟ ಇದು" ಅಂದರು.

ಇಂಗ್ಲೆಂಡಿನ ದಂಡೆ ಕಾಣಿಸಿ ಸ್ವಲ್ಪ ಹೊತ್ತಿಗೆ ಸೂರ್ಯ ಕಿಟಕಿಯಿಂದ ಮಾಯವಾಗಿ, ಎದುರು ಕಿಟಕಿಗೆ ಹೋಗಿ, ಮತ್ತೆ ನಮ್ಮ ಕಡೆಗೇ ಬಂದ. ಸುತ್ತು ಹಾಕ್ತಿದ್ದೀವಿ ಅಂತ ಗೊತ್ತಾಯ್ತು. ಹೀಥ್ರೂಗೆ ಇರೋದು ಎರಡೇ ರನ್‌ವೇ, ವರ್ಷಕ್ಕೆ 4,80,000 ಹಾರಾಟಗಳ ಮಿತಿ. ಹಾಗಾಗಿ ಲಂಡನ್ನಿನ ಸುತ್ತ ಆಕಾಶದಲ್ಲಿ ನಾಲ್ಕು ಕಡೆ ಕಾಯೋ ಜಾಗ ಗೊತ್ತುಮಾಡಿದ್ದಾರೆ. ನಮ್ಮ ಕಡೆಯಿಂದ ಹೋಗೋರಿಗೆ ಈಶಾನ್ಯದ ಲ್ಯಾಂಬರ್ನ್. ಒಂದರ ಮೇಲೊಂದು, ಸಾವಿರ ಅಡಿ ಅಂತರದಲ್ಲಿ ವಿಮಾನಗಳು ಗಿರಿಗಿರಿ ಸುತ್ತುತ್ತಾ, ಕೆಳಗಿನದು ಇಳಿದ ಹಾಗೆ ಮೇಲಿನದು ಒಂದು ಮೆಟ್ಟಿಲು ಕೆಳಗೆ ಬರುತ್ತೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ನಾವು ಎರಡು ಹಾಕಿದೆವು. ಪಕ್ಕದ ಸೀಟಿನವನು ಉಸಿರು ಬಿಟ್ಟು ವಾಚು ನೋಡಿಕೊಂಡ. ಅಪ್ಪನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂ ಖಾಲಿ ಇಲ್ಲದಿದ್ದರೆ ಬಸ್ಸು ಗೇಟಿನ ಹೊರಗೆ ನಿಲ್ಲುತ್ತೆ, ವಿಮಾನ ನಿಲ್ಲೋಕಾಗಲ್ಲ, ಅದಕ್ಕೆ ಸುತ್ತುತ್ತೆ, ಅಷ್ಟೇ ತಾನೆ?

ಕಿಟಕಿ ಬೇಕಾದವರು ಹೋಗುವಾಗ ಬಲಗಡೆ ಸೀಟು ಹಿಡೀರಿ. ಗಾಳಿ ಪಶ್ಚಿಮದಿಂದ ಬೀಸೋ ದಿನ (ಹೆಚ್ಚು ದಿನ ಹಾಗೇ) ವಿಮಾನ ಊರಿನ ಮೇಲೇ ಪೂರ್ವದಿಂದ ಬಂದು ಇಳಿಯುತ್ತೆ. ಥೇಮ್ಸ್ ನದಿ ಹಾವಿನ ಹಾಗೆ, ಟವರ್ ಬ್ರಿಡ್ಜ್, ಪಾರ್ಲಿಮೆಂಟ್, ಎಲ್ಲ ಆಟಿಕೆ ಸಾಮಾನು ಹರಡಿದ ಹಾಗೆ ಬಲಕ್ಕೆ ಕಾಣುತ್ತೆ. ಈ ಹತ್ತು ನಿಮಿಷಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ.

ನೆಲ ಮುಟ್ಟಿದ್ದು 2:09. ಗಾಳಿಯಲ್ಲಿದ್ದದ್ದು ಐವತ್ತೊಂದು ನಿಮಿಷ. ಬಾಗಿಲ ಹತ್ತಿರ ನಿಂತದ್ದು 2:20, ಟಿಕೆಟ್ಟಿನ ಪ್ರಕಾರ 1:55ಕ್ಕೆ ನಿಲ್ಲಬೇಕಿತ್ತು. ಇಪ್ಪತ್ತೈದು ನಿಮಿಷ ಲೇಟು. ಇದಕ್ಕೆಲ್ಲ ಪರಿಹಾರ ಕೇಳೋ ಹಾಗಿಲ್ಲ. ಯುರೋಪಿನ ನಿಯಮದಲ್ಲಿ ತಲುಪೋದು ಮೂರು ಗಂಟೆ ತಡವಾಗಿ, ತಪ್ಪು ಕಂಪನಿಯದಾಗಿದ್ದರೆ ಮಾತ್ರ 1,500 ಕಿ.ಮೀ. ಒಳಗಿನ ದಾರಿಗೆ 250 ಯೂರೋ. ಆದರೆ ಅಪ್ಪ ಡೈರಿಯಲ್ಲಿ ಕೂಡಿ ಕಳೆದು ನೋಡಿ ಹೇಳಿದ ಮಾತು ನನಗೆ ಹತ್ತು ಸಲದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕದಲಿದಲ್ಲಿಂದ ನಿಂತಲ್ಲಿಗೆ 17, 51, 11, ಒಟ್ಟು ಎಪ್ಪತ್ತೊಂಬತ್ತು ನಿಮಿಷ. ಟಿಕೆಟ್ಟಿನಲ್ಲಿ ಎಂಬತ್ತು. ಅಂದರೆ ಆ ಹೈವೇ ಸೇತುವೆ, ಅರಸೀಕೆರೆ ತಿರುವು, ಎರಡು ಸುತ್ತು, ಎಲ್ಲ ಸೇರಿಸಿಯೇ ಶೆಡ್ಯೂಲ್ ಹಾಕಿದ್ದಾರೆ. "ಬರೆದೋನು ರೂಟಲ್ಲಿ ಓಡಾಡಿದೋನೇ" ಅಂದರು. ಅವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು. 370 ಕಿಲೋಮೀಟರಿಗೆ ಒಂದು ಗಂಟೆ ಅಂತ ಮೊಬೈಲ್ ಹೇಳಿದ್ದರ ಮುಂದೆ ಒಂದು ಇಂಟು ಮಾರ್ಕು ಬಿತ್ತು.

ಪಾಸ್‌ಪೋರ್ಟ್ ಸಾಲಿಗೆ ಮುಕ್ಕಾಲು ಗಂಟೆ. ಆಗಸ್ಟ್ ತಿಂಗಳಿಗೆ ಅದೇನು ಜಾಸ್ತಿಯಲ್ಲ, ಆಫೀಸರ್ ಅಪ್ಪನನ್ನು ಎಷ್ಟು ದಿನ ಇರ್ತೀರಿ ಅಂತ ಕೇಳಿ ನಕ್ಕು ಸ್ಟಾಂಪು ಒತ್ತಿದರು. ಆಮೇಲೆ ಗೇಟಿನಲ್ಲಿ ಕಿತ್ತುಕೊಂಡ ಆ ಬ್ಯಾಗಿಗಾಗಿ ಬೆಲ್ಟಿನ ಮುಂದೆ ಹನ್ನೆರಡು ನಿಮಿಷ. ಕೈಯಲ್ಲೇ ಬಿಟ್ಟಿದ್ದರೆ ಈ ಹನ್ನೆರಡು ನಿಮಿಷ ಉಳೀತಿತ್ತು, ನಾನು ಮರೆತಿಲ್ಲ. ಟರ್ಮಿನಲ್ಲುಗಳ ನಡುವೆ ರೈಲು ಬಿಟ್ಟಿ. ಸೆಂಟ್ರಲ್ ಬಸ್‌ಸ್ಟೇಷನ್ನಿಗೆ ಬಂದು ಎಸ್‌ಎಲ್9 ಬಸ್ಸು ಹಿಡಿದರೆ ನೇರ ಹ್ಯಾರೋ. ಎಷ್ಟೇ ದೂರ ಹೋದರೂ ಒಂದೇ ಚಾರ್ಜು, 2025ರಲ್ಲಿ ಪೌಂಡು 1.75, ಹತ್ತುವಾಗ ಮಾತ್ರ ಕಾರ್ಡು. 2014ರಿಂದ ಲಂಡನ್ ಬಸ್ಸಿನಲ್ಲಿ ರೊಕ್ಕ ತಗೊಳ್ಳೋದೇ ನಿಲ್ಲಿಸಿದ್ದಾರೆ. ಅಪ್ಪ ಬಸ್ಸಿನ ಹಿಂಭಾಗ ನೋಡ್ತಿದ್ದರು. ಹಳೇ ಕೆಂಪು ಬಸ್ಸಿನ ತೆರೆದ ಹಿಂಬಾಗಿಲಲ್ಲಿ ಕಂಡಕ್ಟರ್ ನಿಂತಿರೋ ಚಿತ್ರ ಅವರ ಡಿಪೋ ಕ್ಯಾಲೆಂಡರಿನಲ್ಲಿ ಒಂದು ವರ್ಷ ಇತ್ತಂತೆ. ಆ ಬಸ್ಸುಗಳು ದಿನನಿತ್ಯದ ಓಡಾಟದಿಂದ 2005ರ ಡಿಸೆಂಬರಿನಲ್ಲೇ ಹೋದವು ಅಂದೆ. ಏನೂ ಮಾತಾಡದೆ ಮಹಡಿ ಹತ್ತಿ ಮುಂದಿನ ಸೀಟಲ್ಲಿ ಕೂತರು.

ತಂಗಿ ಮನೆ ಬಾಗಿಲು 4:38. ಬಾಗಿಲಿಂದ ಬಾಗಿಲಿಗೆ ಆರು ಗಂಟೆ ನಲವತ್ತೆಂಟು ನಿಮಿಷ. "ಬೆಂಗಳೂರು–ಮಂಗಳೂರು ರಾತ್ರಿ ಬಸ್ಸು" ಅಂದರು ಅಪ್ಪ, ಕಾಫಿ ಲೋಟ ಕೈಗೆ ಬರೋ ಮುಂಚೆ.

ಈಗ ರೈಲಿನ ವಿಷಯ, ಯಾಕೆಂದರೆ ಎಲ್ಲರೂ ಕೇಳ್ತಾರೆ. ಆಮ್‌ಸ್ಟರ್‌ಡ್ಯಾಂ ಸೆಂಟ್ರಾಲ್ ಸ್ಟೇಷನ್ ಕೆಲಸಕ್ಕಾಗಿ ನಿಂತಿದ್ದ ಲಂಡನ್ನಿನ ನೇರ ರೈಲು ಯೂರೋಸ್ಟಾರ್ 2025ರ ಫೆಬ್ರವರಿ 10ರಿಂದ ಮತ್ತೆ ಶುರುವಾಯಿತು. ಏಪ್ರಿಲ್‌ನಲ್ಲಿ ಒಬ್ಬಳೇ ಹೋಗಿದ್ದೆ. ಬ್ರಿಟನ್ನಿನ ಪಾಸ್‌ಪೋರ್ಟ್ ತಪಾಸಣೆಯೂ ಆಮ್‌ಸ್ಟರ್‌ಡ್ಯಾಂನಲ್ಲೇ ಮುಗಿಯುತ್ತೆ, ಆದ್ದರಿಂದ ಒಂದು ಗಂಟೆಗೂ ಮುಂಚೆ ಹೋಗಬೇಕು. ರೈಲಿನಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ, ಅದರಲ್ಲಿ ಇಂಗ್ಲಿಷ್ ಚಾನೆಲ್ ದಾಟೋ 50 ಕಿ.ಮೀ. ಸುರಂಗ. ಸೇಂಟ್ ಪ್ಯಾಂಕ್ರಸ್‌ನಲ್ಲಿ ಇಳಿದರೆ ಹಾಗೇ ಆಚೆ. ಅಲ್ಲಿಂದ ಮೆಟ್ರೊಪಾಲಿಟನ್ ಲೈನಿನಲ್ಲಿ ಹ್ಯಾರೋ. ನನ್ನ ಬಾಗಿಲಿಂದ ಅವಳ ಬಾಗಿಲಿಗೆ ಆರು ಗಂಟೆ ಐವತ್ತು ನಿಮಿಷ ಆಗಿತ್ತು. ವಿಮಾನಕ್ಕಿಂತ ಎರಡೇ ನಿಮಿಷ ಜಾಸ್ತಿ! ತಡವಾಗದ ದಿನ ವಿಮಾನದಲ್ಲಿ ಆರು ಗಂಟೆ ಹತ್ತಕ್ಕೆ ತಲುಪಿದ್ದೂ ಇದೆ, ಅದನ್ನೂ ಹೇಳಿಬಿಡಬೇಕು. ಆದರೆ ವಿಮಾನದ ಆರು ಗಂಟೆ ಒಂಬತ್ತು ತುಂಡು: ಬಸ್ಸು, ಸಾಲು, ಸಾಲು, ಗೇಟು, ಉರುಳಾಟ, ಹಾರಾಟ, ಸಾಲು, ಬೆಲ್ಟು, ಬಸ್ಸು. ಯಾವ ತುಂಡಿನಲ್ಲೂ ಕೂತು ಒಂದು ಕೆಲಸ ಮುಗಿಸೋಕಾಗಲ್ಲ. ರೈಲಿನಲ್ಲಿ ನಾಲ್ಕು ಗಂಟೆ ಒಂದೇ ತುಂಡು. ಆ ದಿನ ತಿಂಗಳ ಕೊನೆಯ ಲೆಕ್ಕಪತ್ರ ಪೂರ್ತಿ ಮುಗಿಸಿ, ಅರ್ಧ ಗಂಟೆ ನಿದ್ದೆ ಮಾಡಿದ್ದೆ. ಟಿಕೆಟ್ ಮಾತ್ರ ವಿಮಾನಕ್ಕಿಂತ ದುಬಾರಿ ಬಿತ್ತು.

ಹಾಗಾಗಿ ನನ್ನ ತೀರ್ಮಾನ ಹೀಗೆ. ಸ್ಕಿಪೋಲ್ ಹತ್ತಿರದ ಮನೆ, ಹೀಥ್ರೂ ಹತ್ತಿರದ ನೆಂಟರು, ಜತೆಗೆ ವಯಸ್ಸಾದವರಿದ್ದು ಕಿಟಕಿ ಬೇಕು ಅಂದರೆ ವಿಮಾನ. ಲಂಡನ್ ಊರೊಳಗೆ ಉಳಿಯೋರಿಗೆ, ಕೆಲಸ ಹೊತ್ತುಕೊಂಡು ಹೋಗೋರಿಗೆ ರೈಲು. ವಿಮಾನಕ್ಕೆ ಐದರಲ್ಲಿ ಮೂರೂವರೆ. ಕಡಿದ ಒಂದೂವರೆಯಲ್ಲಿ ಒಂದು ಪೂರ್ತಿ ಆ ಬ್ಯಾಗಿನ ಲೆಕ್ಕಕ್ಕೆ.

ಲಂಡನ್ನಿನಲ್ಲಿ ಮೂರನೇ ದಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿದ್ದೆವು. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಪ್ಪ ಕೈಮುಗಿದು, ಫೋಟೋ ತೆಗೆಸಿಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತರು. ಮೇಲೆ ವಿಮಾನಗಳು ಹೀಥ್ರೂ ಕಡೆ ಇಳೀತಾ ಇದ್ದವು. ತಲೆ ಎತ್ತಿ ನೋಡಿದರು, ವಾಚು ನೋಡಿದರು, ಮತ್ತೆ ತಲೆ ಎತ್ತಿದರು. ಹತ್ತು ವಿಮಾನ ಎಣಿಸಿದ ಮೇಲೆ "ಒಂದೂವರೆ ನಿಮಿಷಕ್ಕೊಂದು. ನಾವೂ ಇಲ್ಲೇ ಮೇಲೆ ಬಂದ್ವಲ್ಲ, ಬಸವಣ್ಣನ್ನ ನೋಡ್ದೇ ಹೋದ್ವಿ" ಅಂದರು.

ವಾಪಸ್ ಬರುವಾಗಿನದು ಹೆಚ್ಚು ಹೇಳೋಕಿಲ್ಲ. ಬೆನ್ನಿಗೆ ಗಾಳಿ, ಗಾಳಿಯಲ್ಲಿ ನಲವತ್ತಮೂರೇ ನಿಮಿಷ, ಇಳಿದದ್ದು ಹತ್ತಿರದ ರನ್‌ವೇ. ಐದು ನಿಮಿಷ ತಡವಾಗಿ ಹೊರಟು ಹನ್ನೆರಡು ನಿಮಿಷ ಮುಂಚೆ ಬಂದೆವು. ಮುಂಚೆ ಬಂದೆವು ಅಂತ ಮೈಕಿನಲ್ಲಿ ಹೆಮ್ಮೆಯಿಂದ ಹೇಳಿದರು. ಅಪ್ಪನಿಗೆ ಅದು ಹಿಡಿಸಲಿಲ್ಲ. "ಬೇಗ ಬರೋದೂ ತಪ್ಪೇ. ಟೈಮಿಗೆ ಸರಿಯಾಗಿ ಬಂದೋನಿಗೆ ಬಸ್ಸು ತಪ್ಪುತ್ತೆ."

ಡಿಸೆಂಬರಿಗೆ ತಂಗಿ ನನ್ನ ಮನೆಗೆ ಬರ್ತಾಳೆ, ರೈಲಿನಲ್ಲಿ. ಅಪ್ಪ ಊರಿಂದ ಫೋನ್ ಮಾಡಿದ್ದರು. ಡೈರಿಯಲ್ಲಿ ವಿಮಾನದ ಪಕ್ಕದ ಪುಟ ಖಾಲಿ ಬಿಟ್ಟಿದ್ದಾರಂತೆ. ಸುರಂಗದೊಳಗೆ ಹೋದ ಟೈಮು, ಹೊರಗೆ ಬಂದ ಟೈಮು ಎರಡನ್ನೂ ಬರೆದು ಕಳಿಸು ಅಂತ ಅವಳಿಗೆ ಹೇಳಿದ್ದಾರೆ, ಭಾರತದ ಟೈಮಿನಲ್ಲಿ.